ಮುಂಬಯಿಯಲ್ಲಿ ಕನ್ನಡ ಪುಸ್ತಕದ ನೆಲೆ: ಸಾರ್ವಜನಿಕ ಗ್ರಂಥಾಲಯಗಳು ಮತ್ತು ಶಾಲಾ ಗ್ರಂಥಾಲಯಗಳು

ಉದರನಿಮಿತ್ತ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಮುಂಬಯಿಗೆ ಬಂದ ನಮ್ಮ ಹಿರಿಯರು ಈ ಮಹಾನಗರದಲ್ಲಿ ಕಾಲೂರಿದೊಡನೆ ಕಟ್ಟಿಕೊಂಡದ್ದು ಸಂಘ, ರಾತ್ರಿ ಶಾಲೆ ಮತ್ತು ವಾಚನಾಲಯ. ಹಗಲಿಡೀ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಅಕ್ಷರ ಕಲಿತವರಿಗೆ ಊರಿನ ಸುದ್ದಿ ಹೊತ್ತು ಬರುವ ಒಂದು ಪತ್ರಿಕೆ, ಎರವಲು ಸಿಗುವ ಒಂದು ಕಾದಂಬರಿ ದೊಡ್ಡ ಆಸರೆಯಾಗಿದ್ದವು. ಅವರ ಮೊಮ್ಮಕ್ಕಳು ಇಂದು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ. ಆದರೆ ಅವರಲ್ಲಿ ಅನೇಕರಿಗೆ ಕನ್ನಡ ಅಕ್ಷರಗಳ ಪರಿಚಯವಿಲ್ಲ. ಅಜ್ಜ ತೀರಿಕೊಂಡ ಮೇಲೆ ಅವರ ಕಪಾಟಿನ ಪುಸ್ತಕಗಳನ್ನು ಏನು ಮಾಡುವುದೆಂಬ ಪ್ರಶ್ನೆ ಹೊತ್ತು ನಮ್ಮ ಬಳಿಗೆ ಬರುವ ಕುಟುಂಬಗಳು ಹೆಚ್ಚುತ್ತಿವೆ. ಹಲವು ಕಪಾಟುಗಳು ನಮಗೆ ತಿಳಿಯುವ ಮೊದಲೇ ರದ್ದಿಯವನ ತಕ್ಕಡಿಗೇರಿರುತ್ತವೆ.

ಈ ನಗರದಲ್ಲಿ ಕನ್ನಡ ಪುಸ್ತಕಕ್ಕೆ ಕಾಯ್ದೆಯ ಪ್ರಕಾರ ಯಾವ ಯಾವ ನೆಲೆಗಳಿವೆ, ಅವುಗಳಲ್ಲಿ ಆಗಿರುವ ಬದಲಾವಣೆಗಳೇನು, ಅವುಗಳನ್ನು ನಾವು ಬಳಸಿಕೊಳ್ಳುವುದು ಹೇಗೆ ಎಂಬುದನ್ನು ಓದುಗ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಒಟ್ಟುಗೂಡಿಸಿದ್ದೇವೆ.

ಎರಡು ರಾಜ್ಯಗಳು, ಎರಡು ಪದ್ಧತಿಗಳು

ಊರಿನಲ್ಲಿ ಸರಕಾರಿ ಗ್ರಂಥಾಲಯವನ್ನು ಕಂಡು ಬೆಳೆದವರು ಮುಂಬಯಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ, ಇಲ್ಲಿ ನಮ್ಮ ವಾರ್ಡಿನ ಸರಕಾರಿ ಗ್ರಂಥಾಲಯ ಎಲ್ಲಿದೆ ಎಂಬುದು. ಈ ಪ್ರಶ್ನೆಗೆ ಉತ್ತರ ಎರಡು ರಾಜ್ಯಗಳ ಕಾಯ್ದೆಗಳಲ್ಲಿದೆ.

ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ 1948ರಲ್ಲಿ ಮದರಾಸು ಪ್ರಾಂತದಲ್ಲಿ ಬಂದಿತು. ಅದರ ಹಿಂದೆ ಇದ್ದವರು ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಡಾ. ಎಸ್. ಆರ್. ರಂಗನಾಥನ್. ಕರ್ನಾಟಕವು 1965ರ ತನ್ನ ಕಾಯ್ದೆಯಲ್ಲಿ ಇದೇ ಹಾದಿ ಹಿಡಿದು, ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ವಸೂಲು ಮಾಡಿ, ಸರಕಾರದ ಇಲಾಖೆಯೇ ಗ್ರಂಥಾಲಯಗಳನ್ನು ನಡೆಸುವ ವ್ಯವಸ್ಥೆ ಮಾಡಿಕೊಂಡಿತು. ಮಹಾರಾಷ್ಟ್ರದ ನೆಲದಲ್ಲಿ ಇನ್ನೂ ಹಿಂದೆ, 1945ರಲ್ಲಿಯೇ, ಕೊಲ್ಹಾಪುರ ಸಂಸ್ಥಾನವು ಗ್ರಂಥಾಲಯ ಕಾಯ್ದೆಯೊಂದನ್ನು ಮಾಡಿತ್ತು. ಈಗ ಜಾರಿಯಲ್ಲಿರುವುದು 1967ರ ಮಹಾರಾಷ್ಟ್ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಇದರಲ್ಲಿ ಗ್ರಂಥಾಲಯ ಕರವಿಲ್ಲ. ನಾಗರಿಕರೇ ಸಂಸ್ಥೆ ಕಟ್ಟಿ ನಡೆಸುವ ಗ್ರಂಥಾಲಯಗಳಿಗೆ ಸರಕಾರ ಮಾನ್ಯತೆ ಕೊಟ್ಟು, ಅ, ಬ, ಕ, ಡ ಎಂಬ ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ದರ್ಜೆಗೆ ತಕ್ಕಂತೆ ವಾರ್ಷಿಕ ಅನುದಾನ ನೀಡುತ್ತದೆ. ಈ ಅನುದಾನವನ್ನು ಶೇಕಡಾ 60ರಷ್ಟು ಹೆಚ್ಚಿಸಲು ರಾಜ್ಯ ಮಂತ್ರಿಮಂಡಲ 2022ರಲ್ಲಿ ನಿರ್ಧರಿಸಿತು.

ಇದರ ತಾತ್ಪರ್ಯವನ್ನು ನಾವು ಸರಿಯಾಗಿ ಗ್ರಹಿಸಬೇಕು. ಕರ್ನಾಟಕದಲ್ಲಿ ಗ್ರಂಥಾಲಯ ಸರಕಾರದ ಹೊಣೆ. ಮಹಾರಾಷ್ಟ್ರದಲ್ಲಿ ಅದನ್ನು ಹುಟ್ಟುಹಾಕುವ ಹೊಣೆ ಸಮಾಜದ್ದು. ಸರಕಾರ ಅದರ ಬೆನ್ನಿಗೆ ನಿಲ್ಲುತ್ತದೆ. ಆದುದರಿಂದ ಮುಂಬಯಿಯ ಕನ್ನಡ ಸಂಘವೊಂದು ತನ್ನ ಮೂಲೆಯ ಕೋಣೆಯಲ್ಲಿಟ್ಟಿರುವ ನಾಲ್ಕು ಕಪಾಟು ಪುಸ್ತಕ ಕೇವಲ ಹವ್ಯಾಸದ ಸಂಗತಿಯಲ್ಲ. ಈ ರಾಜ್ಯದ ಪದ್ಧತಿಯಂತೆ ಸಾರ್ವಜನಿಕ ಗ್ರಂಥಾಲಯ ಹುಟ್ಟುವುದೇ ಅಂಥ ಕೋಣೆಯಲ್ಲಿ.

ಮರಾಠಿ ಬಾಂಧವರು ಇದನ್ನು ಕಾಯ್ದೆ ಬರುವ ಎಷ್ಟೋ ಮೊದಲೇ ಮಾಡಿ ತೋರಿಸಿದ್ದಾರೆ. ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರಲ್ಲಿಯೂ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯ 1898ರಲ್ಲಿಯೂ ಆರಂಭವಾದವು. ಎರಡನ್ನೂ ಕಟ್ಟಿದವರು ಭಾಷಾಭಿಮಾನಿ ನಾಗರಿಕರು. ನೂರಿಪ್ಪತ್ತೈದು ವರ್ಷಗಳ ಮೇಲೂ ಅವು ಉಳಿದು ಬಂದದ್ದು ಸದಸ್ಯರ ವರ್ಗಣಿಯಿಂದ ಮತ್ತು ಪುಸ್ತಕ ಎರವಲು ಒಯ್ಯುವ ಓದುಗರಿಂದ.

ಟೌನ್ ಹಾಲಿಗೆ ಬರುವ ಕನ್ನಡ ಪುಸ್ತಕ

ಕನ್ನಡದ ಹೊಸ ಪುಸ್ತಕಗಳು ಮುಂಬಯಿಗೆ ಕಾಯ್ದೆಯ ಬಲದಿಂದಲೇ ಬರಬೇಕೆಂಬ ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. 1954ರ ಕೇಂದ್ರ ಕಾಯ್ದೆಯ ಪ್ರಕಾರ ಭಾರತದ ಪ್ರಕಾಶಕರು ಯಾವ ಭಾಷೆಯಲ್ಲಿ ಪುಸ್ತಕ ಹೊರತಂದರೂ, ಪ್ರಕಟವಾದ 30 ದಿನಗಳೊಳಗೆ, ತಮ್ಮ ಸ್ವಂತ ಖರ್ಚಿನಲ್ಲಿ ನಾಲ್ಕು ಗ್ರಂಥಾಲಯಗಳಿಗೆ ಒಂದೊಂದು ಪ್ರತಿಯನ್ನು ತಲುಪಿಸಬೇಕು. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈಯ ಕನ್ನಿಮರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯ ಮತ್ತು ನಮ್ಮ ಮುಂಬಯಿಯ ಕೇಂದ್ರ ಗ್ರಂಥಾಲಯ ಈ ನಾಲ್ಕು. 1956ರ ತಿದ್ದುಪಡಿಯಿಂದ ವೃತ್ತಪತ್ರಿಕೆಗಳೂ ಇದರ ವ್ಯಾಪ್ತಿಗೆ ಬಂದವು.

ಮುಂಬಯಿಯ ಕೇಂದ್ರ ಗ್ರಂಥಾಲಯದ ಹೆಸರು ಫೋರ್ಟಿನ ಟೌನ್ ಹಾಲಿನೊಂದಿಗೆ ಬೆಸೆದುಕೊಂಡಿದೆ. 1833ರಲ್ಲಿ ಪೂರ್ಣಗೊಂಡ ಈ ಕಟ್ಟಡವೇ 1804ರಲ್ಲಿ ಸ್ಥಾಪನೆಯಾದ ಏಷ್ಯಾಟಿಕ್ ಸೊಸೈಟಿಯ ಮನೆಯೂ ಹೌದು. ಕರ್ನಾಟಕದ ಸಣ್ಣ ಪಟ್ಟಣವೊಂದರಲ್ಲಿ ಅಚ್ಚಾದ ಕವನ ಸಂಕಲನಕ್ಕೂ ಈ ನಗರದಲ್ಲಿ ಹೀಗೆ ಒಂದು ಸ್ಥಾನ ಮೀಸಲಾಗಿದೆ ಎಂಬುದು ಹೊರನಾಡ ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಆದರೆ ಕಾಯ್ದೆಯನ್ನು ಮೀರಿದವರಿಗೆ ಅದು ವಿಧಿಸುವ ದಂಡ 50 ರೂಪಾಯಿಯವರೆಗೆ, ಜೊತೆಗೆ ಪುಸ್ತಕದ ಬೆಲೆ. ಇಷ್ಟು ಸಣ್ಣ ದಂಡಕ್ಕೆ ಅಂಜಿ ಪುಸ್ತಕ ಕಳಿಸುವವರು ವಿರಳ. ಮುಂಬಯಿಯಲ್ಲಿ ಕೃತಿ ಪ್ರಕಟಿಸುವ ನಮ್ಮ ಲೇಖಕರೂ ಸಂಘಗಳೂ ಬಿಡುಗಡೆ ಸಮಾರಂಭದ ಮರುವಾರವೇ ಈ ಪ್ರತಿಗಳನ್ನು ಕಳಿಸುವ ರೂಢಿ ಮಾಡಿಕೊಳ್ಳಬೇಕೆಂದು ವಿನಂತಿಸುತ್ತೇವೆ. ಶಾಲುಹೊದಿಕೆ, ಫಲಪುಷ್ಪಗಳ ಖರ್ಚಿನ ಮುಂದೆ ನಾಲ್ಕು ಪ್ರತಿಗಳ ಅಂಚೆ ವೆಚ್ಚ ಏನೇನೂ ಅಲ್ಲ. ಐವತ್ತು ವರ್ಷಗಳ ತರುವಾಯ ಮುಂಬಯಿ ಕನ್ನಡ ಸಾಹಿತ್ಯದ ಬಗ್ಗೆ ಸಂಶೋಧನೆ ಮಾಡುವವರಿಗೆ ಆ ಪ್ರತಿಯೇ ದಾರಿದೀಪವಾದೀತು.

ಉನ್ನತ ಅಧ್ಯಯನ ಮಾಡುವವರಿಗೆ ಮುಂಬಯಿ ವಿಶ್ವವಿದ್ಯಾಲಯದ ಕಲಿನಾ ಆವರಣವೂ ಇದೆ. ಅಲ್ಲಿ ಕನ್ನಡ ವಿಭಾಗ ಆರಂಭವಾದದ್ದು 1978ರಲ್ಲಿ.

ನಮ್ಮ ಸಂಘಗಳು ಮತ್ತು ಗ್ರಂಥಾಲಯ

ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿಯೂ ಮಾಹೀಮಿನ ಕರ್ನಾಟಕ ಸಂಘ 1933ರಲ್ಲಿಯೂ ಹುಟ್ಟಿದವು. ಇಂಥ ಸಂಸ್ಥೆಗಳು ನಾಟಕ, ಉಪನ್ಯಾಸ, ಪತ್ರಿಕೆ, ಪುಸ್ತಕ ಪ್ರಕಟಣೆಗಳ ಮೂಲಕ ಈ ನಗರದ ಕನ್ನಡವನ್ನು ಜೀವಂತವಾಗಿಟ್ಟಿವೆ. ಅನಂತರದ ದಶಕಗಳಲ್ಲಿ ಕನ್ನಡಿಗರ ವಸತಿ ಫೋರ್ಟ್, ದಾದರ, ಮಾಟುಂಗಗಳಿಂದ ಡೊಂಬಿವಲಿ, ಠಾಣೆ, ಮೀರಾರೋಡ್, ವಸಾಯಿ, ನವಿ ಮುಂಬಯಿಗಳಿಗೆ ಹಬ್ಬಿತು. ಡೊಂಬಿವಲಿಯ ಮನೆಯಿಂದ ಮಾಹೀಮಿಗೆ ಒಂದು ಪುಸ್ತಕಕ್ಕಾಗಿ ಲೋಕಲ್ ರೈಲು ಹತ್ತಿ ಬರುವುದು ಶಾಲೆಗೆ ಹೋಗುವ ಮಗುವಿಗಾಗಲಿ ವಯಸ್ಸಾದವರಿಗಾಗಲಿ ಸಾಧ್ಯವಿಲ್ಲ. ಆದುದರಿಂದ ಉಪನಗರಗಳ ಸಣ್ಣ ಸಂಘಗಳಲ್ಲಿಯೂ ಎರವಲು ಕೊಡುವ ಗ್ರಂಥಾಲಯ ಇರಬೇಕಾದುದು ಅಗತ್ಯ.

ಮಾನ್ಯತೆ ಪಡೆಯಲು ಗ್ರಂಥಾಲಯ ನಡೆಸುವ ಸಂಸ್ಥೆ 1860ರ ಸಂಘಗಳ ನೋಂದಣಿ ಕಾಯ್ದೆ ಹಾಗೂ 1950ರ ಸಾರ್ವಜನಿಕ ನ್ಯಾಸ ಕಾಯ್ದೆಗಳಡಿ ನೋಂದಣಿಯಾಗಿರಬೇಕು. ಗ್ರಂಥಾಲಯ ಜಾತಿ, ಮತಗಳ ಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕು. ನಮ್ಮ ಹಲವು ಸಂಘಗಳಿಗೆ ಈ ನೋಂದಣಿ ಮೊದಲೇ ಇದೆ. ಕೊರತೆ ಕಾಣುವುದು ಬೇರೆಡೆಯಲ್ಲಿ: ಪುಸ್ತಕಗಳ ಕ್ರಮಬದ್ಧ ದಾಖಲೆ, ನಿಗದಿತ ವೇಳೆಗೆ ಬಾಗಿಲು ತೆರೆಯುವುದು, ಎರವಲಿನ ಪುಸ್ತಕ. ಇವು ಇದ್ದಲ್ಲಿ ಜಿಲ್ಲಾ ಗ್ರಂಥಾಲಯ ಅಧಿಕಾರಿಯವರನ್ನು ಕಂಡು ಆಗಿನ ನಿಯಮಗಳನ್ನು ವಿಚಾರಿಸಲು ಸಂಕೋಚವಿರದು. ಇವು ಇಲ್ಲದಿದ್ದರೆ ಮಾನ್ಯತೆ ಸಿಕ್ಕಿದರೂ ಪ್ರಯೋಜನವಿರದು.

ಶಾಲೆಯ ಕಪಾಟು

2009ರ ಶಿಕ್ಷಣ ಹಕ್ಕು ಕಾಯ್ದೆ ತನ್ನ ಅನುಸೂಚಿಯಲ್ಲಿ ಪ್ರತಿ ಶಾಲೆಯಲ್ಲಿಯೂ ಗ್ರಂಥಾಲಯವಿರಬೇಕು, ಅಲ್ಲಿ ವೃತ್ತಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯಗಳ ಪುಸ್ತಕ ಮತ್ತು ಕಥೆ ಪುಸ್ತಕಗಳು ಇರಬೇಕು ಎಂದು ವಿಧಿಸಿದೆ. ಕಥೆ ಪುಸ್ತಕ ಎಂಬ ಮಾತು ಕಾಯ್ದೆಯಲ್ಲಿಯೇ ಇದೆ ಎಂಬುದನ್ನು ಪಾಲಕರು ನೆನಪಿನಲ್ಲಿಡಬೇಕು. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಡಿ ಸರಕಾರಿ ಶಾಲೆಗಳಿಗೆ ಅವುಗಳ ಹಂತಕ್ಕೆ ತಕ್ಕಂತೆ 5,000ದಿಂದ 20,000 ರೂಪಾಯಿವರೆಗೆ ವಾರ್ಷಿಕ ಗ್ರಂಥಾಲಯ ಅನುದಾನಕ್ಕೆ ಅವಕಾಶ ಮಾಡಲಾಯಿತು.

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸಿಕೊಂಡು ಬಂದ ಸಂಸ್ಥೆ. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡ ಪಠ್ಯಪುಸ್ತಕಗಳನ್ನು 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ಮುದ್ರಿಸುತ್ತದೆ. ಹೀಗೆ ಪಠ್ಯಕ್ಕೆ ವ್ಯವಸ್ಥೆಯುಂಟು. ಪಠ್ಯದಾಚೆಗಿನ ಓದಿಗೆ ಶಾಲೆಯ ಕಪಾಟೇ ಗತಿ. ಆದರೆ ಪಾಲಕರ ಒಲವು ಇಂಗ್ಲಿಷ್ ಮಾಧ್ಯಮದ ಕಡೆಗೆ ಹೊರಳಿ ಬಹುಕಾಲವಾಯಿತು. ಪಾಲಿಕೆಯೂ 2020ರ ನಂತರ ಕೇಂದ್ರೀಯ ಪಠ್ಯಕ್ರಮದ ಶಾಲೆಗಳನ್ನು ತೆರೆಯುತ್ತ ಬಂದಿದೆ. ಕನ್ನಡ ಶಾಲೆಯೊಂದು ಮಕ್ಕಳಿಲ್ಲದೆ ಮುಚ್ಚುವಾಗ ಶಿಕ್ಷಕರ ವರ್ಗಾವಣೆಯ ಬಗ್ಗೆ, ಕಟ್ಟಡದ ಬಗ್ಗೆ ಚರ್ಚೆಯಾಗುತ್ತದೆ; ಕಪಾಟಿನ ಪುಸ್ತಕಗಳ ಬಗ್ಗೆ ಯಾರೂ ಕೇಳುವುದಿಲ್ಲ.

ನಗರದ ಒಂದು ಶಾಲೆಯಿಂದ ನಮಗೆ ದೊರೆತ ಮಕ್ಕಳ ಪುಸ್ತಕಗಳ ಕಟ್ಟಿನಲ್ಲಿ ಕೆಲವು ಪುಸ್ತಕಗಳ ಪುಟಗಳನ್ನು ಬಿಡಿಸಿಯೇ ಇರಲಿಲ್ಲ. ಕಳೆದುಹೋದೀತೆಂಬ ಭಯದಿಂದ ಬೀಗ ಹಾಕಿಟ್ಟ ಪುಸ್ತಕಗಳವು. ಶಿಕ್ಷಕರನ್ನು ದೂರಿ ಫಲವಿಲ್ಲ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಅವರೇ ಆಗಿರುವಾಗ ಬೀಗ ಹಾಕುವುದು ಸಹಜ. ಓದಿ ಹರಿದ ಪುಸ್ತಕವನ್ನು ನಷ್ಟವೆಂದು ಬರೆಯದೆ ಸಾರ್ಥಕವೆಂದು ಬರೆಯುವ ಪದ್ಧತಿ ಶಾಲೆಗಳಲ್ಲಿಯೂ ನಮ್ಮ ಸಂಘಗಳಲ್ಲಿಯೂ ಬರಬೇಕು. ಪುಸ್ತಕವಿರುವುದು ಬಳಸುವುದಕ್ಕೆ ಎಂಬುದನ್ನೇ ರಂಗನಾಥನ್ ಅವರು 1931ರಲ್ಲಿ ತಮ್ಮ ಪಂಚಸೂತ್ರಗಳಲ್ಲಿ ಮೊದಲನೆಯದಾಗಿ ಇಟ್ಟರು.

ಈ ವಿಷಯದಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಂದ ಕಲಿಯಬೇಕಾದುದಿದೆ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಠೇವಣಿಯಿಲ್ಲದೆ ಮಗುವಿನ ಕೈಗೆ ಪುಸ್ತಕ ಕೊಡಬಹುದೆಂಬುದನ್ನು ಹಳ್ಳಿಗಳು ತೋರಿಸಿಕೊಟ್ಟವು. ಮಹಾನಗರದ ನಾವು ಅದನ್ನು ಮಾಡಲಾರೆವೇ?

ಗಣಕಯಂತ್ರ ಮತ್ತು ಮೊಬೈಲಿನಲ್ಲಿ

ಮಕ್ಕಳ ಕೈಯಲ್ಲಿ ಹೇಗೂ ಮೊಬೈಲಿದೆ. ಅದರಲ್ಲಿಯೂ ಕನ್ನಡ ಓದಿಗೆ ಮಾರ್ಗಗಳಿವೆ. ಕರ್ನಾಟಕ ಸರಕಾರದ ‘ಕಣಜ’ ಜ್ಞಾನಕೋಶ 2009ರಲ್ಲಿಯೂ, ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನದ ‘ಭಾರತವಾಣಿ’ 2016ರಲ್ಲಿಯೂ ಆರಂಭವಾದವು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಚಿತ್ರಸಹಿತ ಕನ್ನಡ ಮಕ್ಕಳ ಕಥೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಂಡು ಮುದ್ರಿಸಲೂಬಹುದು. ಪಠ್ಯಕ್ಕೆ ಪೂರಕವಾದ ‘ದೀಕ್ಷಾ’ 2017ರಲ್ಲಿ ಬಂದಿತು. 2023-24ರ ಕೇಂದ್ರ ಮುಂಗಡಪತ್ರದಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗಾಗಿ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ಘೋಷಿಸಲಾಯಿತು. ಪಂಚಾಯತ್ ಮತ್ತು ವಾರ್ಡ್ ಮಟ್ಟದಲ್ಲಿ ಗ್ರಂಥಾಲಯಗಳನ್ನು ತೆರೆಯಲು ರಾಜ್ಯಗಳನ್ನು ಪ್ರೋತ್ಸಾಹಿಸುವ ಮಾತೂ ಅದೇ ಘೋಷಣೆಯಲ್ಲಿತ್ತು.

ಆದರೆ ಅಕ್ಷರ ಬಾರದ ಮಗುವಿಗೆ ಈ ಯಾವ ತಾಣವೂ ತಾನಾಗಿ ಅಕ್ಷರ ಕಲಿಸದು. ಪಕ್ಕದಲ್ಲಿ ಕುಳಿತು ಬೆರಳಿಟ್ಟು ತೋರಿಸುವ ಅಜ್ಜಿಯೋ ತಾಯಿಯೋ ಬೇಕು.

ನಮ್ಮಿಂದ ಆಗಬೇಕಾದುದು

ಪುಸ್ತಕ ದಾನ ಮಾಡುವವರು ಮೊದಲು ಅವುಗಳ ಪಟ್ಟಿ ಮಾಡಿ ಸಂಘಕ್ಕೆ ಕಳಿಸಿದರೆ ಉತ್ತಮ. ಮುಂಬಯಿಯಲ್ಲಿ ಪ್ರಕಟವಾದ ಕೃತಿಗಳು, ಸಂಘಗಳ ಸ್ಮರಣ ಸಂಚಿಕೆಗಳು, ಹಳೆಯ ನಿಯತಕಾಲಿಕೆಗಳ ಸಂಪುಟಗಳು ಬೇರೆಡೆ ಸಿಗಲಾರವು. ಅವನ್ನು ಬೇರೆಯಾಗಿ ಕಟ್ಟಿಡಬೇಕು. ಹಳೆಯ ಪಠ್ಯಪುಸ್ತಕ, ಗೈಡುಗಳನ್ನು ದಾನದಲ್ಲಿ ಸೇರಿಸದಿರುವುದೇ ಉಪಕಾರ.

ಹೊಸ ಪುಸ್ತಕ ಕೊಳ್ಳುವ ಸಂಘಗಳು ಕನ್ನಡ ಪುಸ್ತಕ ಪ್ರಾಧಿಕಾರವು ರಾಜ್ಯೋತ್ಸವದ ಸಮಯದಲ್ಲಿ ನೀಡುವ ರಿಯಾಯಿತಿಯನ್ನು ಗಮನಿಸಬೇಕು. ನವೆಂಬರಿನಲ್ಲಿ ಊರಿಗೆ ಹೋಗಿ ಬರುವ ಸದಸ್ಯರೊಬ್ಬರಿಗೆ ಪಟ್ಟಿ ಕೊಟ್ಟರೆ ಕೆಲಸವಾಗುತ್ತದೆ.

ಯುವಕರಿಗೆ ಈ ನಗರದ ಪುಸ್ತಕಗಳನ್ನೇ ಮೊದಲು ಕೊಡೋಣ. ಯಶವಂತ ಚಿತ್ತಾಲರ ‘ಶಿಕಾರಿ’, ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಜಯಂತ ಕಾಯ್ಕಿಣಿಯವರ ಕಥೆಗಳು ನಮ್ಮ ಮಕ್ಕಳು ದಿನವೂ ಕಾಣುವ ಮುಂಬಯಿಯನ್ನು ಕನ್ನಡದಲ್ಲಿ ತೋರಿಸುತ್ತವೆ. ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಪ್ರಶಸ್ತಿ ದೊರೆತಾಗ ನಮ್ಮ ಮನೆಗಳ ಅನೇಕ ಮಕ್ಕಳು ಅವುಗಳನ್ನು ಇಂಗ್ಲಿಷಿನಲ್ಲಿಯೇ ಓದಿದರು. ಮೂಲಭಾಷೆಯ ಬಾಗಿಲು ಅವರ ಮನೆಯೊಳಗೇ ಇತ್ತು, ತೆರೆಯಲು ಅಕ್ಷರವಿರಲಿಲ್ಲ.

ಕೊನೆಯದಾಗಿ ಒಂದು ಮಾತು. ಗ್ರಂಥಾಲಯಕ್ಕೆ ಅನುದಾನ ಕೇಳುವಾಗ, ಕಟ್ಟಡದ ಪುನರ್‌ನಿರ್ಮಾಣದಲ್ಲಿ ಅದಕ್ಕೊಂದು ಕೋಣೆ ಬೇಡುವಾಗ, ಮುಚ್ಚಬಾರದೆಂದು ಕಾರ್ಯಕಾರಿ ಸಮಿತಿಯ ಮುಂದೆ ವಾದಿಸುವಾಗ ನಮ್ಮ ಕೈಯಲ್ಲಿರಬೇಕಾದ ಪುರಾವೆ ಒಂದೇ: ಎರವಲಿನ ಪುಸ್ತಕದಲ್ಲಿ ಓದುಗರ ಸಹಿಗಳು. ಕನ್ನಡ ಪುಸ್ತಕಕ್ಕೆ ಈ ನಗರದಲ್ಲಿ ಸ್ಥಾನವನ್ನು ಕಾಯ್ದೆ ಕೊಟ್ಟಿದೆ, ಹಿರಿಯರು ಕೊಟ್ಟಿದ್ದಾರೆ. ಅದನ್ನು ಉಳಿಸುವುದು ಆ ಸಹಿಗಳು. ಮುಂದಿನ ಭಾನುವಾರ ತಮಗೆ ಸಮೀಪದ ಕನ್ನಡ ಸಂಘಕ್ಕೆ ಮಗುವಿನ ಕೈಹಿಡಿದು ಹೋಗಿ, ಒಂದು ಪುಸ್ತಕವನ್ನು ಮಗುವಿನ ಹೆಸರಿನಲ್ಲಿಯೇ ಎರವಲು ಪಡೆಯಬೇಕೆಂದು ಸಮಸ್ತ ಕನ್ನಡ ಬಂಧುಗಳಲ್ಲಿ ನಮ್ಮ ಪ್ರಾರ್ಥನೆ.