ದ್ರಾಕ್ಷಿಯಿಲ್ಲದ ದ್ರಾಕ್ಷಿ ಎಸ್ಸೆನ್ಸ್: 1918ರ ತೀರ್ಪೊಂದರ ಮರು ಓದು

ಅಮೆರಿಕದ 1906ರ ಆಹಾರ ಮತ್ತು ಔಷಧ ಕಾಯ್ದೆಯ ಇತಿಹಾಸ ಬರೆಯುವವರು ಎಸ್ಸೆನ್ಸ್‌ಗಳ ವಿಷಯಕ್ಕೆ ಬಂದಾಗ ಒಂದೇ ಜಾಡು ಹಿಡಿಯುತ್ತಾರೆ: ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವೆ ವೈಲಿ ಅವರ ಪ್ರಯೋಗಾಲಯ ಕಲಬೆರಕೆಯನ್ನು ಹಿಡಿಯಿತು, ಕೋರ್ಟು ದಂಡ ಹಾಕಿತು, 1912ರಲ್ಲಿ ವೈಲಿ ರಾಜೀನಾಮೆ ಕೊಟ್ಟ ಮೇಲೆ ಕಾಯ್ದೆಯ ಬಿಸಿ ಆರಿತು. ವೆನಿಲ್ಲಾದ ಮಟ್ಟಿಗೆ ಈ ಮಾತಿನ ಮೊದಲ ಭಾಗ ಒಪ್ಪತಕ್ಕದ್ದೇ. ಆದರೆ ಸುಪ್ರೀಂ ಕೋರ್ಟು 1918ರಲ್ಲಿ ತೀರ್ಮಾನಿಸಿದ ಷೈಡರ್ ಮೊಕದ್ದಮೆ ಈ ಜಾಡಿಗೆ ಹೊಂದುವುದಿಲ್ಲ. ಅದಕ್ಕೇ ಅದನ್ನು ಅಡಿಟಿಪ್ಪಣಿಗೆ ತಳ್ಳಿ, ಕೃತಕ ಎಸ್ಸೆನ್ಸನ್ನು ಕೋರ್ಟು ನಿಷೇಧಿಸಿತೆಂಬ ಅರ್ಥ ಬರುವಂತೆ ಒಂದು ಸಾಲಿನಲ್ಲಿ ಮುಗಿಸುವ ರೂಢಿ ಬೆಳೆದಿದೆ. ತೀರ್ಪನ್ನು ಪೂರ್ತಿ ಓದಿದವರು ಹಾಗೆ ಬರೆಯಲಾರರು.

ವಿವಾದದ ಸೀಸೆಯ ಮೇಲಿದ್ದ ಹೆಸರು ‘ಕಾಂಪೌಂಡ್ ಎಸ್ಸ್ ಗ್ರೇಪ್’. ಎಸ್ಸೆನ್ಸ್ ಎಂಬ ಪದವನ್ನೂ ಮೊಟಕು ಮಾಡಿದ ಮೂರೇ ಪದ. ಒಳಗಿದ್ದದ್ದು ಕೃತಕ ಎಸ್ಸೆನ್ಸ್, ದ್ರಾಕ್ಷಿಯಿಂದ ತೆಗೆದದ್ದು ಅದರಲ್ಲಿ ಏನೂ ಇಲ್ಲ ಎಂಬುದು ಸರ್ಕಾರದ ಆರೋಪ. ಕಾಯ್ದೆಯ 8ನೆಯ ಕಲಮಿನಲ್ಲಿ ವ್ಯಾಪಾರಿಗೆ ಒಂದು ವಿನಾಯಿತಿಯಿತ್ತು. ಹಾನಿಕರ ವಸ್ತು ಬೆರೆಸದ ಸರಕಿನ ಮೇಲೆ ‘ಕಾಂಪೌಂಡ್’, ‘ಇಮಿಟೇಷನ್’, ‘ಬ್ಲೆಂಡ್’ ಇವುಗಳಲ್ಲಿ ಸಂದರ್ಭಕ್ಕೆ ತಕ್ಕದ್ದನ್ನು ಸ್ಪಷ್ಟವಾಗಿ ನಮೂದಿಸಿದರೆ ಅದು ತಪ್ಪು ಲೇಬಲ್ಲಿನ ಸರಕಾಗುವುದಿಲ್ಲ. ‘ಕಾಂಪೌಂಡ್’ ಎಂದು ಬರೆದಾಯಿತು, ಇನ್ನೇನು ತಪ್ಪು ಎಂದು ಕೇಳುವವರು ‘ಸಂದರ್ಭಕ್ಕೆ ತಕ್ಕದ್ದನ್ನು’ ಎಂಬ ಷರತ್ತನ್ನು ದಾಟಿಹೋಗುತ್ತಾರೆ. ದ್ರಾಕ್ಷಿಯ ಸಾರವನ್ನು ಬೇರೆ ಸಾರದೊಂದಿಗೆ ಕೂಡಿಸಿದ್ದರೆ ಕಾಂಪೌಂಡ್ ಎನ್ನಬಹುದಿತ್ತು. ದ್ರಾಕ್ಷಿಯೇ ಇಲ್ಲದೆ ಅದರ ವಾಸನೆ, ರುಚಿಯನ್ನಷ್ಟೇ ತಂದದ್ದು ಇಮಿಟೇಷನ್. ಕಾನೂನು ಒದಗಿಸಿದ್ದ ಮೂರು ಪದಗಳಲ್ಲಿ ನಿಜವಾದದ್ದನ್ನು ಬಿಟ್ಟು, ಗಿರಾಕಿಗೆ ದ್ರಾಕ್ಷಿಯ ಭರವಸೆ ಕೊಡುವ ಪದವನ್ನು ಲೇಬಲ್ಲಿಗೆ ಹಾಕಿದ್ದರು. ಕೋರ್ಟು ಆಕ್ಷೇಪಿಸಿದ್ದು ಇದನ್ನು. ಸರಿಯಾದ ಹೆಸರಿನಲ್ಲಿ ಕೃತಕ ಎಸ್ಸೆನ್ಸ್ ಮಾರುವ ಹಕ್ಕನ್ನು ತೀರ್ಪು ಎಲ್ಲಿಯೂ ಕಿತ್ತುಕೊಂಡಿಲ್ಲ.

ಇನ್ನೊಂದು ಅಂಶ ಇದಕ್ಕಿಂತ ಮುಖ್ಯವೆಂದು ನನ್ನ ಎಣಿಕೆ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದದ್ದು ಸಾಕ್ಷಿ ವಿಚಾರಣೆ ಮುಗಿದ ಮೇಲಲ್ಲ. ದೋಷಾರೋಪಣೆಯೇ ಕಾನೂನಿನಲ್ಲಿ ನಿಲ್ಲದು ಎಂಬ ಆಕ್ಷೇಪಣೆಯನ್ನು ಕೆಳಗಿನ ಕೋರ್ಟು ಎತ್ತಿಹಿಡಿದಿತ್ತು, ಅದನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಅಂದರೆ ಇಲ್ಲಿ ಯಾವ ರಸಾಯನಶಾಸ್ತ್ರಜ್ಞನ ಸಾಕ್ಷ್ಯವನ್ನೂ ತೂಗಿ ನೋಡಿದ್ದಿಲ್ಲ. ಲೇಬಲ್ಲಿನ ಮಾತು ಮತ್ತು ಕಲಮಿನ ಮಾತು ಇವೆರಡನ್ನೇ ಎದುರುಬದುರು ಇಟ್ಟು ನೋಡಿದ್ದು. ಆಹಾರ ಕಾಯ್ದೆಯ ಚರಿತ್ರೆಯನ್ನೆಲ್ಲ ಪ್ರಯೋಗಾಲಯದ ಚರಿತ್ರೆಯಾಗಿಸುವ ಮಿತ್ರರು ಈ ಮೊಕದ್ದಮೆಯನ್ನು ತಮ್ಮ ಪಟ್ಟಿಯಿಂದ ತೆಗೆಯಬೇಕು. (ರಸಾಯನಶಾಸ್ತ್ರಜ್ಞ ವಿಂಟನ್ ಅವರ ಸೀಸದ ಸಂಖ್ಯೆಯಂಥ ಪರೀಕ್ಷೆಗಳ ಬೆಲೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ವೆನಿಲ್ಲಾ ಕೋಡಿನ ಸಾರವನ್ನು ಬರಿಯ ವೆನಿಲಿನ್, ಕುಮರಿನ್ ದ್ರಾವಣದಿಂದ ಬೇರ್ಪಡಿಸಲು ಅವು ಬೇಕೇ ಬೇಕಿದ್ದವು.)

ತೀರ್ಪು ಬರೆದವರು ನ್ಯಾಯಮೂರ್ತಿ ಮ್ಯಾಕ್‌ರೆನಾಲ್ಡ್ಸ್. ಮುಂದೆ ರೂಸ್‌ವೆಲ್ಟ್ ಸರ್ಕಾರದ ಆರ್ಥಿಕ ಕಾಯ್ದೆಗಳನ್ನು ಹಟತೊಟ್ಟು ವಿರೋಧಿಸಿದವರು ಇವರೇ. ಅಂಥವರೂ ಕಾಯ್ದೆ ಬಯಸುವುದು ಸತ್ಯವನ್ನು, ಈ ಲೇಬಲ್ಲಿನಿಂದ ಹೊಮ್ಮುವುದು ಮೋಸ ಎಂಬ ಆಶಯದ ಮಾತು ಬರೆದರು. ಆದ್ದರಿಂದ ಈ ತೀರ್ಪನ್ನು ಸುಧಾರಕರ ಉತ್ಸಾಹದ ಲೆಕ್ಕಕ್ಕೆ ಬರೆಯಲೂ ಆಗದು.

ಕಾಯ್ದೆಗೆ ಹಲ್ಲಿರಲಿಲ್ಲ ಎನ್ನುವವರು ಕೊಡುವ ಕಾರಣ ಗೊತ್ತಿರುವುದೇ. ಕೃಷಿ ಇಲಾಖೆಯ 1906ರ ಜೂನ್ 26ರ ಸುತ್ತೋಲೆ ನಿಂಬೆ ಸಾರದಲ್ಲಿ ಶೇ. 5ರಷ್ಟಾದರೂ ನಿಂಬೆ ಎಣ್ಣೆ ಇರಬೇಕೆಂದಿತು, 100 ಮಿ.ಲೀ. ವೆನಿಲ್ಲಾ ಸಾರಕ್ಕೆ 10 ಗ್ರಾಂ ಕೋಡು ಬೇಕೆಂದಿತು. ನಾಲ್ಕು ದಿನದ ನಂತರ ಅಂಕಿತ ಬಿದ್ದ ಕಾಯ್ದೆಯಲ್ಲಿ ಈ ಅಳತೆಗಳಿಗೆ ಕಾನೂನಿನ ಬಲವಿರಲಿಲ್ಲ. ನಿಜ. ಆದರೆ ಷೈಡರ್ ಮೊಕದ್ದಮೆಯಲ್ಲಿ ಅಳತೆಯ ಪ್ರಶ್ನೆಯೇ ಏಳಲಿಲ್ಲ. ಶೇಕಡಾ ಎಷ್ಟು ದ್ರಾಕ್ಷಿ ಇರಬೇಕೆಂದು ಗೊತ್ತುಮಾಡದೆಯೇ, ದ್ರಾಕ್ಷಿಯಿಲ್ಲದ್ದನ್ನು ದ್ರಾಕ್ಷಿಯ ಹೆಸರಲ್ಲಿ ಮಾರಿದ ಆರೋಪಕ್ಕೆ ಕಾನೂನಿನ ನೆಲೆ ಸಿಕ್ಕಿತು.

1938ರ ಕಾಯ್ದೆ ‘ಇಮಿಟೇಷನ್’ ಎಂಬ ಪದವನ್ನು, ಅದರ ಬೆನ್ನಿಗೇ ಅನುಕರಿಸಿದ ಆಹಾರದ ಹೆಸರನ್ನು, ಒಂದೇ ಗಾತ್ರದ ಅಕ್ಷರಗಳಲ್ಲಿ ಅಚ್ಚು ಹಾಕಬೇಕೆಂದು ವಿಧಿಸಿತು. ಕೃತಕ ಸುವಾಸನೆ ಸೇರಿಸಿದ್ದರೆ ಅದನ್ನೂ ಹೇಳಬೇಕೆಂದಿತು. ಈ ಉಪಕಲಮುಗಳನ್ನು 1930ರ ದಶಕದ ಹೊಸ ಕಾಣಿಕೆಯೆಂದು ಎಣಿಸುವ ವಿದ್ವಾಂಸರು ಮೊದಲು ಷೈಡರ್ ತೀರ್ಪಿಗೆ ಉತ್ತರ ಹೇಳಬೇಕಾಗುತ್ತದೆ.