ಕಡಲ ನಡುವೆ ನಡುಗಿದ ಗೋಪುರ

ಸಂಜೆಯ ಹೊತ್ತು ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತು ತೆರೆಗಳನ್ನು ನೋಡುವುದು ಮುಂಬಯಿಯ ಕನ್ನಡಿಗರಾದ ನಮಗೆ ಖರ್ಚಿಲ್ಲದ ವಿನೋದ. ಆ ದಿಗಂತದಾಚೆ, ಸುಮಾರು 160 ಕಿಲೋಮೀಟರು ದೂರದಲ್ಲಿ, 1974ರಲ್ಲಿ ತೈಲ ದೊರೆತ ಮುಂಬಯಿ ಹೈ ಇದೆ. ಅಲ್ಲಿ ಉಕ್ಕಿನ ಕಾಲುಗಳ ಮೇಲೆ ನಿಂತ ವೇದಿಕೆಗಳಲ್ಲಿ ಜನ ಹಗಲಿರುಳು ದುಡಿಯುತ್ತಾರೆ. ಅಂಥ ಕಟ್ಟಡವನ್ನು ತೆರೆಗಳು ನಡುಗಿಸಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಹಳೆಯ ವೃತ್ತಾಂತವೊಂದನ್ನು ವಾಚಕರ ಮುಂದಿಡುತ್ತೇವೆ.

ಶತ್ರುವಿಮಾನಗಳ ಸುಳಿವನ್ನು ಮುಂಚಿತವಾಗಿ ಅರಿಯಲು ಅಮೆರಿಕದ ವಾಯುಸೇನೆಯು 1950ರ ದಶಕದಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ರಾಡಾರ್ ಗೋಪುರಗಳನ್ನು ನಿಲ್ಲಿಸಿತು. ಟೆಕ್ಸಾಸ್ ತೀರದ ತೈಲವೇದಿಕೆಗಳನ್ನು ಹೋಲುತ್ತಿದ್ದುದರಿಂದ ಅವಕ್ಕೆ ಟೆಕ್ಸಾಸ್ ಗೋಪುರಗಳೆಂದು ಹೆಸರಾಯಿತು. ಯೋಜಿಸಿದ್ದು ಐದು, ಕಟ್ಟಿದ್ದು ಮೂರು. ಅವುಗಳಲ್ಲಿ 4ನೆಯ ನಂಬರಿನದು 1957ರಲ್ಲಿ ನ್ಯೂಜೆರ್ಸಿ ತೀರದಾಚೆ 185 ಅಡಿ ಆಳದ ನೀರಿನಲ್ಲಿ ಮೂರು ಕಾಲುಗಳ ಮೇಲೆ ನಿಂತಿತು. ಉಳಿದೆರಡು ಇದರ ಅರ್ಧದಷ್ಟು ಆಳದಲ್ಲಿಯೂ ಇರಲಿಲ್ಲ. ಗೋಪುರವನ್ನು ಸ್ಥಳಕ್ಕೊಯ್ದು ನಿಲ್ಲಿಸುವಾಗಲೇ ಕಾಲುಗಳನ್ನು ಬಿಗಿಹಿಡಿಯಬೇಕಾದ ಎರಡು ಓರೆತೊಲೆಗಳು ಕಳಚಿಹೋದವು. ದಡಕ್ಕೆ ಮರಳಿ ತಾರದೆ ಕಡಲಿನಲ್ಲಿಯೇ ದುರಸ್ತಿ ಮಾಡಿದರು.

ಅಲ್ಲಿಂದಲೇ ನಡುಕ ಮೊದಲಾಯಿತು. ಅಲ್ಲಿ ವಾಸವಾಗಿದ್ದವರು ಗೋಪುರಕ್ಕೆ 'ನಡುಗುವ ಮುದುಕ' ಎಂಬರ್ಥದ ಅಡ್ಡಹೆಸರಿಟ್ಟರು. ಮುಳುಗುಗಾರರು ಇಳಿದು ನೋಡಿದಾಗ ನೀರಿನೊಳಗಿನ ಜೋಡಣೆಗಳು ಸಡಿಲಗೊಂಡಿದ್ದುದು ಕಂಡುಬಂದಿತು, ಮತ್ತೆ ದುರಸ್ತಿಯಾಯಿತು. 1960ರ ಸೆಪ್ಟೆಂಬರಿನಲ್ಲಿ ಡೋನಾ ಚಂಡಮಾರುತವು ಹಾದುಹೋಗಿ ಮತ್ತಷ್ಟು ಹಾನಿ ಮಾಡಿತು. ಬಹುಮಂದಿಯನ್ನು ದಡಕ್ಕೆ ಕಳುಹಿಸಿದರೂ 28 ಜನರನ್ನು ಅಲ್ಲಿಯೇ ಉಳಿಸಿದರು. 1961ರ ಜನವರಿ 15ರ ರಾತ್ರಿ ಬಿರುಗಾಳಿಯಲ್ಲಿ ಗೋಪುರ ಮುರಿದು ಮುಳುಗಿತು. ಇಪ್ಪತ್ತೆಂಟು ಜನರಲ್ಲಿ ಒಬ್ಬರೂ ಬದುಕಲಿಲ್ಲ. ಆಕಾಶವನ್ನು ಕಾಯಲು ನಿಂತಿದ್ದ ಆ ರಾಡಾರ್ ಠಾಣ್ಯ, ಸಮೀಪದಲ್ಲಿದ್ದ ಹಡಗಿನ ರಾಡಾರ್ ಪರದೆಯಿಂದ ಕ್ಷಣಾರ್ಧದಲ್ಲಿ ಮಾಯವಾಯಿತು.

ಒಂದು ದೊಡ್ಡ ತೆರೆಯ ಹೊಡೆತವೇ ಇದಕ್ಕೆಲ್ಲ ಕಾರಣವೆಂದು ತಿಳಿಯಬಾರದು. ಆರು ಸೆಕೆಂಡಿಗೊಂದು ತೆರೆಯೆಂದು ಹಿಡಿದರೆ ದಿನಕ್ಕೆ 14,400, ವರುಷಕ್ಕೆ 52 ಲಕ್ಷಕ್ಕೂ ಮಿಕ್ಕಿದ ಪೆಟ್ಟುಗಳು. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಕೊನೆಗೆ ತುಂಡಾಗುವಂತೆ ಉಕ್ಕೂ ದಣಿಯುತ್ತದೆ. ಸಣ್ಣ ಬಿರುಕು ಸಾಲದ ಬಡ್ಡಿಯಂತೆ ಬೆಳೆಯುತ್ತದೆ.

ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಅದನ್ನು ಬೆರಳಿನಿಂದ ತಟ್ಟಿ ನೋಡುವಳಷ್ಟೆ. ಬಿರುಕಿದ್ದರೆ ದನಿ ಬೇರೆಯಾಗುತ್ತದೆ. ಕಡಲಿನ ವೇದಿಕೆಗೂ ಅದರದೇ ಆದ ಕಂಪನದ ಲಯವುಂಟು; ತೊಲೆ ಮುರಿದರೆ ಬಿಗಿ ತಗ್ಗಿ ಲಯ ನಿಧಾನವಾಗುತ್ತದೆ. 1970ರ ದಶಕದಲ್ಲಿ ಇಂಜಿನಿಯರುಗಳು ಈ ಲಯವನ್ನು ಅಳೆದು ನೀರಿನೊಳಗಿನ ಹಾನಿಯನ್ನು ಕಂಡುಹಿಡಿಯಲು ಬಹಳವಾಗಿ ಯತ್ನಿಸಿದರು. ಆದರೆ ಕಾಲುಗಳಿಗೆ ಕಡಲಜೀವಿಗಳು ಮೆತ್ತಿಕೊಂಡರೂ, ತೊಟ್ಟಿಗಳಲ್ಲಿನ ಎಣ್ಣೆ ಹೆಚ್ಚು ಕಡಿಮೆಯಾದರೂ ಲಯ ಬದಲಾಗುತ್ತಿತ್ತು. ಯಂತ್ರಗಳ ಗದ್ದಲ ಬೇರೆ. ಹಲವು ತೊಲೆಗಳಿರುವಲ್ಲಿ ಒಂದು ಮುರಿದರೆ ವ್ಯತ್ಯಾಸ ಕಾಣುವುದೇ ಕಷ್ಟ.

ತಟ್ಟಿ ತಿಳಿಯಲಾಗದ್ದನ್ನು ಕಣ್ಣಿನಿಂದಲಾದರೂ ನೋಡಬೇಕು. ನಾರ್ವೆಯ ಕಡಲಿನಲ್ಲಿ ಕೆಲಸಗಾರರ ವಸತಿಯಾಗಿದ್ದ 'ಅಲೆಕ್ಸಾಂಡರ್ ಕೀಲಾಂಡ್' ಎಂಬ ತೇಲುವೇದಿಕೆಯು 1980ರ ಮಾರ್ಚಿ 27ರಂದು ಮಗುಚಿ 123 ಜನ ಸತ್ತರು. ಮೊದಲು ಮುರಿದ ತೊಲೆಯ ಬಿರುಕಿನೊಳಗೆ ಬಣ್ಣ ಸಿಕ್ಕಿತು. ಅಂದರೆ ಬಣ್ಣ ಬಳಿದ ದಿನವೇ ಬಿರುಕು ಅಲ್ಲಿತ್ತು!

ಇಂದು ಸೂಕ್ಷ್ಮವಾದ ಉಪಕರಣಗಳು ಬಂದಿವೆ. ನೀರಿನಡಿಯಲ್ಲಿ ಚಲಿಸುವ ಯಂತ್ರಗಳು ಬೆಸುಗೆಗಳನ್ನು ನೋಡಿಬರುತ್ತವೆ. ಅದು ಸಂತೋಷವೇ. ಆದರೆ 4ನೆಯ ಗೋಪುರದ ನಡುಕವನ್ನು ತಿಳಿಸಲು ಯಾವ ಉಪಕರಣವೂ ಬೇಕಿರಲಿಲ್ಲ. ಅಲ್ಲಿ ಮಲಗಿದವರಿಗೆಲ್ಲ ಅದು ತಿಳಿದಿತ್ತು. ಅವರನ್ನು ಸಕಾಲದಲ್ಲಿ ಇಳಿಸಿಕೊಳ್ಳುವ ನಿರ್ಧಾರವೊಂದೇ ತಡವಾಯಿತು. ಮನೆ ಬಿಟ್ಟು ದೂರದಲ್ಲಿ ದುಡಿಯುವವರ ಬೆಲೆಯನ್ನು ಬಲ್ಲ ನಾವು ಇದನ್ನು ಮರೆಯಲಾಗದು.