ಅಲೆಯ ಸುಂಕವೂ ಮನೆಯ ಹೊಸ್ತಿಲೂ

ಹೊಲಕ್ಕೆ, ಉಪ್ಪಿಗೆ, ಸಂತೆಗೆ ಬಂದ ಸರಕಿಗೆ ಸುಂಕ ಬೀಳುವುದನ್ನು ಲೋಕವು ಬಹುಕಾಲದಿಂದ ಕಂಡಿದ್ದಿತು; ಆದರೆ ಕಣ್ಣಿಗೆ ಕಾಣದೆ, ಕೈಗೆ ಸಿಕ್ಕದೆ, ಮಾಡನ್ನೂ ಗೋಡೆಯನ್ನೂ ತೂರಿ ತಾನಾಗಿಯೇ ಒಳಬರುವ ವಿದ್ಯುದಲೆಯನ್ನು ಮನೆಯೊಳಗೆ ಹಿಡಿದುಕೊಂಡುದಕ್ಕಾಗಿ ಗೃಹಸ್ಥನು ಸರಕಾರಕ್ಕೆ ಹಣ ತೆರತಕ್ಕದ್ದೆಂಬ ವಿಧಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದುದು 1922ರ ನವೆಂಬರಿನಲ್ಲಿ. ಅದೇ ತಿಂಗಳ 14ರಂದು ಬಿ.ಬಿ.ಸಿ. ತನ್ನ ಪ್ರಸಾರವನ್ನು ಆರಂಭಿಸಿತು; ಕೇಳಬಯಸಿದವನು ಅಂಚೆ ಕಚೇರಿಗೆ ಹೋಗಿ 10 ಷಿಲಿಂಗು ಕೊಟ್ಟು ಪರವಾನಗಿಯನ್ನು ಪಡೆಯಬೇಕಾಯಿತು. ಈ ಅಧಿಕಾರದ ಬೇರು 1904ರ ನಿಸ್ತಂತು ತಂತಿ ಶಾಸನದಲ್ಲಿತ್ತು. ಅದನ್ನು ರಚಿಸಿದವರ ಮನಸ್ಸಿನಲ್ಲಿದ್ದವು ಹಡಗುಗಳು, ನೌಕಾಪಡೆ, ಸಂದೇಶ ಕಳುಹಿಸುವ ಠಾಣೆಗಳು. ರಾತ್ರಿಯ ಊಟ ಮುಗಿಸಿ ವಾದ್ಯಗೋಷ್ಠಿಗೆ ಕಿವಿಗೊಡುವ ಗುಮಾಸ್ತೆಯಲ್ಲ. ಯುದ್ಧ ಮುಗಿದು 1946ರ ಜೂನಿನಲ್ಲಿ ದೂರದರ್ಶನ ಪುನಃ ಮೊದಲಾದಾಗ ಅದಕ್ಕೆ 2 ಪೌಂಡಿನ ಪರವಾನಗಿ ಬಂದಿತು. 1968ರಲ್ಲಿ ಬಣ್ಣದ ಚಿತ್ರಕ್ಕೆ ಬೇರೆಯಾಗಿ 5 ಪೌಂಡು ಸೇರಿತು. 1971ರಲ್ಲಿ ಬರಿಯ ರೇಡಿಯೋವಿನ ಸುಂಕ ರದ್ದಾಯಿತು.

ಸುಂಕವನ್ನು ವಿಧಿಸುವುದು ಸುಲಭ. ವಸೂಲಿಗೆ ಹೊರಟವನು ಹೊಸ್ತಿಲಿನ ಬಳಿ ನಿಲ್ಲಲೇಬೇಕು. ಆ ದೇಶದಲ್ಲಿ ಹೊಸ್ತಿಲಿಗೆ ದೊಡ್ಡ ಚರಿತ್ರೆಯೇ ಉಂಟು. ಮನೆಯೆಂಬುದು ಅದರ ಒಡೆಯನಿಗೆ ಕೋಟೆಯೆಂಬ ತತ್ತ್ವವನ್ನು 1604ರ ಸೆಮೇನನ ವ್ಯಾಜ್ಯದಲ್ಲಿಯೇ ನ್ಯಾಯಾಲಯ ಸಾರಿದ್ದಿತು. 1763ರಲ್ಲಿ ಸೇಬಿನ ಮದ್ಯದ ಮೇಲೆ ತೆರಿಗೆ ಹೇರಿ, ಅದರ ತಪಾಸಣೆಗೆಂದು ಅಬಕಾರಿಯವರನ್ನು ಮನೆಮನೆಗೆ ನುಗ್ಗಿಸುವ ಮಸೂದೆ ಬಂದಾಗ, ಹಿರಿಯ ವಿಲಿಯಂ ಪಿಟ್ಟನು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಕಡುಬಡವನ ಮುರುಕು ಗುಡಿಸಿಲಿಗೆ ಗಾಳಿ ಮಳೆಗಳು ನುಗ್ಗಿಯಾವು, ಇಂಗ್ಲೆಂಡಿನ ದೊರೆ ಮಾತ್ರ ನುಗ್ಗಲಾರನೆಂಬರ್ಥದ ಮಾತನ್ನಾಡಿದುದು ಪ್ರಸಿದ್ಧವಾಗಿದೆ. ಎರಡು ವರ್ಷಗಳ ತರುವಾಯ, ಜಾನ್ ಎಂಟಿಕ್ ಎಂಬ ಬರೆಹಗಾರನ ಮನೆಯನ್ನು ಮಂತ್ರಿಯೊಬ್ಬನ ಆಜ್ಞಾಪತ್ರದ ಬಲದಿಂದ ಜಾಲಾಡಿದ ರಾಜದೂತರು ತಪ್ಪಿತಸ್ಥರೆಂದು ಲಾರ್ಡ್ ಕ್ಯಾಮ್ಡನ್ ತೀರ್ಪಿತ್ತನು: ಕಾನೂನು ಎಲ್ಲಿಯೂ ಕೊಡದ ಅಧಿಕಾರವನ್ನು ಮಂತ್ರಿಯು ಕಾಗದದ ಮೇಲೆ ಬರೆದು ಸೃಷ್ಟಿಸಲಾಗದು.

ಗಾಳಿಮಳೆಗಳ ಹಾಗೆಯೇ ಅಲೆಯೂ ಅನುಮತಿ ಕೇಳದೆ ಒಳಬಂದಿತು. ಅದರ ಬೆನ್ನು ಹತ್ತಿ ಬಂದ ಅಂಚೆ ಇಲಾಖೆಯವನು ಬಾಗಿಲ ಹೊರಗೆ ನಿಂತನು. 1904ರ ಶಾಸನವೇ, ಪ್ರಮಾಣಪೂರ್ವಕವಾದ ಹೇಳಿಕೆಯಿಂದ ಮ್ಯಾಜಿಸ್ಟ್ರೇಟನಿಗೆ ಮನವರಿಕೆಯಾಗಿ ಅವನು ವಾರಂಟು ಕೊಟ್ಟಲ್ಲದೆ ಮನೆ ಹೊಗಕೂಡದೆಂದು ಕಟ್ಟು ಮಾಡಿದ್ದಿತು. 1949ರ ಶಾಸನ ಅದನ್ನು ಉಳಿಸಿತು. 2003ರ ಶಾಸನವೂ ಉಳಿಸಿ, ವಾರಂಟಿನ ಆಯುಸ್ಸು ಒಂದು ತಿಂಗಳೆಂದಿತು. ವಾರಂಟಿಲ್ಲದೆ ಬಂದ ತನಿಖೆಯವನಿಗೆ ಸೋಪು ಮಾರಲು ಬಂದವನಿಗಿಂತ ಕೂದಲೆಳೆಯಷ್ಟೂ ಹೆಚ್ಚಿನ ಹಕ್ಕಿಲ್ಲ. ಗೇಟು ದಾಟಿ ಬಾಗಿಲು ತಟ್ಟುವುದಕ್ಕೆ ಲೋಕರೂಢಿಯ ಸಮ್ಮತಿಯೊಂದುಂಟು. ಗೃಹಸ್ಥನು ಅದನ್ನೂ ಹಿಂತೆಗೆದುಕೊಳ್ಳಬಹುದು. ಬಾಗಿಲು ತೆರೆಯಬೇಕಾದ್ದಿಲ್ಲ, ಹೆಸರು ಹೇಳಬೇಕಾದ್ದಿಲ್ಲ. ಹೊರಡೆಂದರೆ ಅವನು ಹೊರಡಬೇಕು.

ಕಾನೂನಿನ ಕೈ ಹೀಗೆ ಗಿಡ್ಡವಾಗಿದ್ದುದರಿಂದಲೇ ಇಲಾಖೆ ಭಯದ ಆಶ್ರಯವನ್ನು ಪಡೆದಂತೆ ತೋರುತ್ತದೆ. 1952ರ ಫೆಬ್ರವರಿಯಲ್ಲಿ ಪೋಸ್ಟ್‌ಮಾಸ್ಟರ್ ಜನರಲ್ ಅವರು ದೂರದರ್ಶನ ಪತ್ತೆಯ ವ್ಯಾನೊಂದನ್ನು ಲೋಕದ ಮುಂದೆ ತಂದು ನಿಲ್ಲಿಸಿದರು. ಅದರ ನೆತ್ತಿಯ ಮೇಲೆ ಬಳೆಯಾಕಾರದ ಆಂಟೆನಾಗಳಿದ್ದವು. ಅಂದಿನ ಪೆಟ್ಟಿಗೆಗಳಲ್ಲಿ ಚಿತ್ರವೊಂದಕ್ಕೆ 405 ಗೆರೆ, ಸೆಕೆಂಡಿಗೆ 25 ಚಿತ್ರ. ಎಂದರೆ ಎಲೆಕ್ಟ್ರಾನ್ ಕಿರಣವನ್ನು ಪರದೆಯ ಮೇಲೆ ಅತ್ತಿಂದಿತ್ತ ಎಳೆಯುವ ಸುರುಳಿಯು ಸೆಕೆಂಡಿಗೆ 10,125 ಸಲ ಮಿಡಿಯುತ್ತಿದ್ದಿತು. ಆ ಮಿಡಿತದ ಕಾಂತಕ್ಷೇತ್ರವು ಗೋಡೆಯಾಚೆಗೂ ಅಲ್ಪಸ್ವಲ್ಪ ಸೋರುತ್ತಿದ್ದಿತು. ಬಳೆಗಳು ಅದನ್ನು ಹಿಡಿಯುತ್ತಿದ್ದವು. ವಿಜ್ಞಾನದಲ್ಲಿ ಮೋಸವೇನೂ ಇರಲಿಲ್ಲ. ಆದರೂ ವ್ಯಾನಿನ ನಿಜವಾದ ಕೆಲಸ ಬೀದಿಯಲ್ಲಿ ನಿಧಾನವಾಗಿ ಸಾಗುತ್ತ ಎಲ್ಲರ ಕಣ್ಣಿಗೂ ಬೀಳುವುದಾಗಿದ್ದಿತೆಂದು ನನಗನ್ನಿಸುತ್ತದೆ. ಪತ್ತೆಯ ಯಂತ್ರದ ಸಾಕ್ಷ್ಯವನ್ನು ವಿಚಾರಣೆಯ ವೇಳೆ ನ್ಯಾಯಾಲಯದ ಮುಂದಿಟ್ಟುದೇ ಇಲ್ಲವೆಂದು, 1991ರಿಂದ ಪರವಾನಗಿಯ ಹೊಣೆ ಹೊತ್ತ ಬಿ.ಬಿ.ಸಿ.ಯೇ ಬಹುಕಾಲದ ಮೇಲೆ ಒಪ್ಪಿಕೊಂಡಿತು.

ಹಾಗಾದರೆ ಶಿಕ್ಷೆಯಾಗುತ್ತಿದ್ದುದು ಯಾವ ಸಾಕ್ಷ್ಯದ ಮೇಲೆ? ಬಹುಮಟ್ಟಿಗೆ ಗೃಹಸ್ಥನ ಬಾಯಿಂದಲೇ. ಬಂದವನ ಕೈಯಲ್ಲಿ ಅಚ್ಚು ಹಾಕಿಸಿದ ಫಾರಂ ಒಂದಿರುತ್ತದೆ, ಟಿ.ವಿ. ಇದೆಯೇ, ಯಾವಾಗಿನಿಂದ ನೋಡುತ್ತಿದ್ದೀರಿ ಎಂದು ಒಂದೊಂದಾಗಿ ಕೇಳಿ, ಉತ್ತರವನ್ನು ತಾನೇ ಬರೆದುಕೊಂಡು, ಕೊನೆಯಲ್ಲಿ ಒಂದು ರುಜು ಬೇಡುತ್ತಾನೆ. ಸುಮ್ಮನಿರುವ ಹಕ್ಕು ಫಾರಮಿನಲ್ಲಿಯೇ ಉಂಟು, ಓದಿಯೂ ಹೇಳುತ್ತಾರೆ. ಆದರೆ ಒಲೆಯ ಮೇಲೆ ಪಾತ್ರೆ, ಕಂಕುಳಲ್ಲಿ ಮಗು ಇರುವವಳಿಗೆ ಆ ಮಾತು ಕಿವಿಯಿಂದ ಮನಸ್ಸಿಗಿಳಿಯಲು ಪುರಸೊತ್ತೆಲ್ಲಿ? ಇತ್ತೀಚಿನ ವರ್ಷಗಳಲ್ಲಿ ಈ ಅಪರಾಧಕ್ಕಾಗಿ ನ್ಯಾಯಾಲಯಕ್ಕೆಳೆಯಲ್ಪಟ್ಟವರಲ್ಲಿ ಹತ್ತಕ್ಕೆ ಏಳರಷ್ಟು ಮಂದಿ ಹೆಂಗಸರು. ಟಿ.ವಿ. ಯಾರದಾದರೇನು, ಹಗಲಿನಲ್ಲಿ ಬಾಗಿಲು ತೆರೆಯುವವಳು ಅವಳು. ಬಲ್ಲವನು ಬಾಗಿಲು ಮುಚ್ಚಿಕೊಂಡನು, ಅರಿಯದವಳು ರುಜು ಹಾಕಿದಳು. 1,000 ಪೌಂಡಿನವರೆಗೆ ದಂಡ ವಿಧಿಸಬಹುದಾದ ಕಾನೂನು ಇವರಿಬ್ಬರನ್ನು ಸಮಾನವಾಗಿ ಕಂಡಿತೆಂದು ಹೇಳುವುದು ನನಗೆ ಕಷ್ಟ.

ಬಲ್ಲವನು ಎಷ್ಟು ದೂರ ಹೋಗಬಲ್ಲನೆಂಬುದಕ್ಕೆ 1975ರ ಕಾಂಗ್ರೀವ್ ಪ್ರಕರಣ ಸಾಕ್ಷಿ. ಏಪ್ರಿಲ್ 1ರಿಂದ ಬಣ್ಣದ ಪರವಾನಗಿಯ ಶುಲ್ಕ 12 ಪೌಂಡಿನಿಂದ 18 ಪೌಂಡಿಗೆ ಏರುವುದೆಂದು ಗೃಹಮಂತ್ರಿ ರಾಯ್ ಜೆಂಕಿನ್ಸ್ ಜನವರಿಯಲ್ಲಿಯೇ ಸಾರಿದರು. ಮಾರ್ಚ್ 31ಕ್ಕೆ ತನ್ನ ಪರವಾನಗಿ ಮುಗಿಯಲಿದ್ದ ಕಾಂಗ್ರೀವ್ ಎಂಬ ಸಾಲಿಸಿಟರು 26ನೆಯ ತಾರೀಖಿನಂದೇ ಹಳೆಯ ದರದಲ್ಲಿ ಹೊಸದನ್ನು ಕೊಂಡನು. ಹೀಗೆ ಮಾಡಿದವರು ಸುಮಾರು 24,500 ಮಂದಿ. ಇನ್ನು 6 ಪೌಂಡು ಕಟ್ಟಿರಿ, ಇಲ್ಲವಾದರೆ ಪರವಾನಗಿಯನ್ನು ರದ್ದು ಮಾಡುತ್ತೇವೆಂದು ಗೃಹ ಇಲಾಖೆ ಇವರಿಗೆಲ್ಲ ಕಾಗದ ಬರೆಯಿತು. ಅನೇಕರು ತೆತ್ತು ಸುಮ್ಮನಾದರು. ಈತನು ಮಾತ್ರ ನ್ಯಾಯಾಲಯಕ್ಕೆ ಹೋದನು. ಮೊದಲ ನ್ಯಾಯಾಧೀಶರ ಮುಂದೆ ಸೋತು, ಮೇಲ್ಮನವಿ ಹೂಡಿದನು. ಪರವಾನಗಿಯನ್ನು ರದ್ದುಗೊಳಿಸುವ ಅಧಿಕಾರ ಮಂತ್ರಿಗೆ ಶಾಸನದಲ್ಲಿ ಸ್ಪಷ್ಟವಾಗಿಯೇ ಇದ್ದಿತು. ಆದರೆ ಕೊಂಡಾಗ ಸಿಂಧುವಾಗಿದ್ದ ಪರವಾನಗಿಯನ್ನು, ಕೊಂಡವನಿಂದ ಯಾವ ತಪ್ಪೂ ಆಗದೆ, ಇನ್ನಷ್ಟು ಹಣ ಕೀಳುವ ಸಲುವಾಗಿ ರದ್ದು ಮಾಡುತ್ತೇನೆಂದು ಹೆದರಿಸುವುದು ಆ ಅಧಿಕಾರದ ದುರುಪಯೋಗವೆಂದೂ, ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಹಣ ವಸೂಲು ಮಾಡುವುದು 1689ರ ಹಕ್ಕುಗಳ ಶಾಸನಕ್ಕೆ ವಿರುದ್ಧವೆಂದೂ ಲಾರ್ಡ್ ಡೆನಿಂಗ್ ಡಿಸೆಂಬರಿನಲ್ಲಿ ತೀರ್ಪು ಕೊಟ್ಟರು. ಇಂಥ ವಿಷಯದಲ್ಲಿ ಕೈಹಾಕಿದರೆ ನ್ಯಾಯಾಲಯದ ಅಧಿಕಾರವೇ ಪ್ರಶ್ನೆಗೊಳಗಾದೀತೆಂದು ಸರಕಾರದ ವಕೀಲರು ವಾದಿಸಿದುದನ್ನು, ವಕೀಲಿಕೆಯ ಹುರುಪಿನಲ್ಲಿ ಬಂದ ಮಾತೆಂದು ಭಾವಿಸುತ್ತೇವೆಂಬಷ್ಟರಲ್ಲಿ ಅವರು ಮುಗಿಸಿಬಿಟ್ಟರು. ಆರು ಪೌಂಡಿನ ಈ ಜಗಳವನ್ನು ಆಡಳಿತ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. (ವೇಲ್ಸಿನ ಭಾಷಾಭಿಮಾನಿಗಳ ದಾರಿ ಬೇರೆ: ತಮ್ಮ ನುಡಿಗೊಂದು ವಾಹಿನಿ ಬೇಕೆಂದು ಅವರು ಪರವಾನಗಿಯನ್ನೇ ಕೊಳ್ಳದೆ, ದಂಡವನ್ನೂ ಕಟ್ಟದೆ ಸೆರೆಮನೆಗೆ ಹೋದರು, 1982ರಲ್ಲಿ ವಾಹಿನಿ ಬಂದಿತು.)

ಇದೇ ಇಂಗ್ಲಿಷರು ನಮಗಾಗಿ ಬರೆದ ಕಾನೂನನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. 1933ರ ಭಾರತೀಯ ನಿಸ್ತಂತು ತಂತಿ ಶಾಸನ ಬ್ರಿಟಿಷ್ ಆಳ್ವಿಕೆಗೆ ಸೇರಿದ್ದ ಧಾರವಾಡ, ಬಳ್ಳಾರಿ, ಮಂಗಳೂರುಗಳಿಗೂ ಅನ್ವಯಿಸುತ್ತಿದ್ದಿತು. ಪರವಾನಗಿಯಿಲ್ಲದ ರೇಡಿಯೋ ಅಡಗಿದೆಯೆಂದು ನಂಬಲು ಕಾರಣವುಂಟೆಂದು ತೋರಿದರೆ, ಸರಕಾರ ನೇಮಿಸಿದ ಅಧಿಕಾರಿಯು ಯಾವ ಕಟ್ಟಡವನ್ನಾದರೂ ಶೋಧಿಸಿ ಯಂತ್ರವನ್ನು ವಶಪಡಿಸಿಕೊಳ್ಳಬಹುದೆಂದು ಅದರ 7ನೆಯ ಕಲಮು ಹೇಳಿತು. ಮ್ಯಾಜಿಸ್ಟ್ರೇಟನ ವಾರಂಟಿನ ಸುದ್ದಿಯೇ ಅಲ್ಲಿಲ್ಲ. ಯಂತ್ರವಿದ್ದ ಜಾಗ ಯಾರ ಹತೋಟಿಯಲ್ಲಿದೆಯೋ ಯಂತ್ರವೂ ಅವನ ಸ್ವಾಧೀನದಲ್ಲಿಯೇ ಇದೆಯೆಂದು ನ್ಯಾಯಾಲಯ ಊಹಿಸಿಕೊಳ್ಳಬಹುದೆಂದೂ ಶಾಸನ ಸೇರಿಸಿತು. ಎಂಟಿಕ್‌ನ ಪರವಾಗಿ ಕ್ಯಾಮ್ಡನ್ ನಿಷೇಧಿಸಿದುದನ್ನು ಹಡಗು ಹತ್ತಿಸಿ ಇಲ್ಲಿಗೆ ಕಳುಹಿಸಿದಂತಾಯಿತು. ಸ್ವಾತಂತ್ರ್ಯ ಬಂದ ಮೇಲೂ ಶಾಸನ ಹಾಗೆಯೇ ಉಳಿಯಿತು. ನಮ್ಮವರು ವರ್ಷಕ್ಕೊಮ್ಮೆ ಲೈಸೆನ್ಸ್ ಪುಸ್ತಕ ಹಿಡಿದು ಅಂಚೆ ಕಚೇರಿಯ ಕಿಟಕಿಯಲ್ಲಿ ರೇಡಿಯೋಗೆ 15 ರೂಪಾಯಿ, ಮುಂದೆ ಟಿ.ವಿ.ಗೆ 50 ರೂಪಾಯಿ ಕಟ್ಟಿ, ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದರು. 1980ರ ದಶಕದ ನಡುವೆ ಶುಲ್ಕ ರದ್ದಾಗಿ ಪುಸ್ತಕಗಳು ಹಳೆಯ ಕಾಗದದವನ ತಕ್ಕಡಿಗೆ ಹೋದವು. ಮನೆ ಹೊಗುವ ಆ 7ನೆಯ ಕಲಮು ಮಾತ್ರ ಕಾಯಬೇಕಾದ ಸುಂಕವೇ ಇಲ್ಲದೆ ಶಾಸನಗ್ರಂಥದಲ್ಲಿ ಉಳಿದಿದ್ದಿತು; ಆ ಶಾಸನವನ್ನು ತೆಗೆದುಹಾಕತಕ್ಕದ್ದೆಂದು ಪಾರ್ಲಿಮೆಂಟು ವಿಧಿಸಿದುದು 2023ರ ದೂರಸಂಪರ್ಕ ಕಾಯಿದೆಯಲ್ಲಿ.